ಇಪ್ಪತ್ತೊಂದನೆಯ ಪೆಟ್ಟು

ಯಾವ ಕೈ ಎತ್ತಿದ್ದ ಸರ್ದಾಲಿ, ಎಡವೋ ಬಲವೋ?
ಕತ್ತಿ ಒರೆಯಲ್ಲಿತ್ತೋ, ಹಿರಿದಿತ್ತೋ?
ನಗರದಿಂದ ಬಂದ ಶಿಲ್ಪಿ ನೀನು, ಕೇಳುತ್ತೀಯ.
ಕಂಚು ಸಿದ್ಧವಂತೆ. ಕುದುರೆ ಆಗಲೇ ಮುಗಿದಿದೆಯಂತೆ.

ಕೂತುಕೊ ತಮ್ಮಾ. ನೆಲದಲ್ಲಿ ಹೂತ ಹರವಿಯ
ಮುಚ್ಚಳ ತೆಗೆಯುತ್ತೇನೆ, ಹೋದ ವರ್ಷದ ದ್ರಾಕ್ಷಿ.
ಕುದುರೆ ಇರಲಿಲ್ಲ.
ಅದನ್ನು ಹಿಂದಿನ ವಾರವೇ ಕೊಯ್ದು ತಿಂದಿದ್ದೆವು.
ಒಳ್ಳೆಯ ತುಂಡು ಗಾಯಾಳುಗಳಿಗೆ,
ಗೊರಸಿನ ಬಳಿಯ ನರ ಸರ್ದಾಲಿಗೆ.

ಕೈಯನ್ನೂ ಎತ್ತಲಿಲ್ಲ ಬೆಝಾನ್.
ಎಡಗೈಯಲ್ಲಿ ಏಳೆಂಟು ಹುಳಿ ಪ್ಲಮ್ಮು,
ಬಲಗೈಯಲ್ಲಿ ಉಪ್ಪಿನ ಹರಳು.
ಅದ್ದಿ ತಿನ್ನುತ್ತ, ಬೀಜ ಉಗುಳುತ್ತ
ನನ್ನ ಸೇತುವೆ ನೋಡುತ್ತ ನಿಂತಿದ್ದ.

ನನ್ನ ಸೇತುವೆ. ಅದನ್ನೂ ಬರೆದುಕೊ.
ಅರಾಗ್ವಿಯ ಮೇಲೆ ಹದಿನಾರು ಮಾರು ಓಕ್ ತೊಲೆ,
ಒಂದು ಕಬ್ಬಿಣದ ಮೊಳೆಯಿಲ್ಲ, ಭಾರವೆಲ್ಲ ಬೆಣೆಗಳದ್ದೇ.
ಮೂರು ಚಳಿಗಾಲದ ಹಿಮ ಹೊತ್ತರೂ ಮುಲುಕಿರಲಿಲ್ಲ.
ಬೆಣೆ ಬಡಿದವನು ನನ್ನ ಶಿಷ್ಯ ತೊರ್ಗ್ವಾ.
ಮೀಸೆ ಚಿಗುರುವ ವಯಸ್ಸು, ಕಿವಿ ಮಾತ್ರ ಮುದಿ;
ಮರ ಸೀಳುವ ಮೊದಲೇ
ಸೀಳುವ ಸದ್ದು ಅವನಿಗೆ ಕೇಳುತ್ತಿತ್ತು.

"ಎಷ್ಟು ಪೆಟ್ಟಿಗೆ ಬೀಳುತ್ತದೆ, ಗಿಗ್ಲಾ?"

ಮೂವತ್ತು, ಅಂದೆ.
ಇಪ್ಪತ್ತೊಂದು ಸಾಕಿತ್ತು.
ನಾನು ಕಟ್ಟಿದ್ದು ಇಪ್ಪತ್ತೊಂದಕ್ಕೇ ಬೀಳುತ್ತದೆ ಎನ್ನಲು
ನಾಲಗೆ ಹೊರಳಲಿಲ್ಲ.

"ಹಾಗಾದರೆ ಇಪ್ಪತ್ತು ಹೊಡೆದು ನಿಲ್ಲು.
ಅವರು ದಾಟಲಿ. ಆಮೇಲೆ ಉಳಿದ ಹತ್ತು."

ಆ ದಡದಲ್ಲಿ ನಮ್ಮವರು ಎಪ್ಪತ್ತು.
ಅವರ ಬೆನ್ನಿಗೆ ಧೂಳು, ಧೂಳಿನೊಳಗೆ ನಗಾರಿ.
ಎಪ್ಪತ್ತರಲ್ಲಿ ಸರ್ದಾಲಿಯ ಅಣ್ಣನ ಮಗ ಮಿಂದಿಯಾ,
ಎಪ್ಪತ್ತರಲ್ಲಿ ತೊರ್ಗ್ವಾ.

ಹತ್ತಕ್ಕೆ ಹೇಳಬಹುದಿತ್ತು.
ಹದಿನೈದಕ್ಕೆ. ಹದಿನೆಂಟಕ್ಕೂ.
ಅವನ ತುಟಿ ಎಣಿಸುತ್ತಿತ್ತು, ನನ್ನ ಕೊಡಲಿ
ಆ ತುಟಿಯ ತಾಳಕ್ಕೆ ಬಿದ್ದುಬಿಟ್ಟಿತ್ತು.

ಇಪ್ಪತ್ತು.
ತೊಲೆ ಉಸಿರುಬಿಟ್ಟಿತು.
ಹಲಗೆಗೆ ಕಾಲಿಡಲಿದ್ದ ತೊರ್ಗ್ವಾ ನಿಂತ.
ಬಗ್ಗಿ ಮರಕ್ಕೆ ಕಿವಿ ಹಚ್ಚಿದ,
ಎದ್ದು ಎರಡೂ ತೋಳು ಚಾಚಿ
ಹಿಂದಿನವರನ್ನು ತಡೆದ.
ಏನೋ ಹೇಳಿದ. ನೀರಿನ ಭೋರ್ಗರೆತದಲ್ಲಿ
ನಮಗೆ ಕೇಳಲಿಲ್ಲ.
ಎಪ್ಪತ್ತು ಮುಖ ತಿರುಗಿ ಎಪ್ಪತ್ತು ಬೆನ್ನಾದವು.

ಆಗ ಸರ್ದಾಲಿ ನನ್ನ ಕಡೆ ನೋಡಿದ.
ಬಾಯಲ್ಲಿದ್ದ ಬೀಜ ಉಗುಳಲಿಲ್ಲ, ನುಂಗಿದ.
ತಲೆಯಾಡಿಸಿದ.

ಒಂದೇ ಪೆಟ್ಟು.
ಮಿಕ್ಕ ಒಂಬತ್ತು ನನ್ನ ಕೈಯಲ್ಲೇ ಉಳಿದವು.
ಅವನು ಕುಸಿದ ಸೇತುವೆ ನೋಡಲಿಲ್ಲ, ನದಿ ನೋಡಲಿಲ್ಲ.
ನನ್ನ ಕೈಗಳನ್ನು ನೋಡಿದ.

ಸಂಜೆ ಹೆಂಗಸರು ಕೂದಲು ಕೆದರಿಕೊಂಡು ಬಂದರು.
ನಮ್ಮವರು ದಾಟುವ ಮೊದಲೇ ಕಡಿದವರು ಯಾರು?
"ನಾನು," ಅಂದ ಬೆಝಾನ್.
ಅದೇ ಗುಂಪಿನಲ್ಲಿ ನಾನೂ ಇದ್ದೆ,
ಕೊಡಲಿ ಒರೆಸುತ್ತ.

ಆಮೇಲಿನದು ನಿನಗೂ ಗೊತ್ತು.
ಕಲ್ಲೆದೆಯವನು ಅಂದರು. ಆ ಕಲ್ಲೇ ಕಣಿವೆ ಉಳಿಸಿತು ಅಂದರು,
ಹಬ್ಬದಲ್ಲಿ ಅವನ ಹೆಸರಿಗೆ ಕೊಂಬು ತುಂಬಿ ಕುಡಿದರು.
ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ.

ಹೊಸ ಸೇತುವೆ ಕಟ್ಟಿದೆ. ಈ ಸಲ ಕಬ್ಬಿಣದ ಮೊಳೆ.
ಅವನು ಅದರ ಮೇಲೆ ಒಂದು ಹೆಜ್ಜೆ ಇಡಲಿಲ್ಲ.
ಮಿಂದಿಯಾನ ತಾಯಿಗೆ ಹಿಟ್ಟಿನ ಮೂಟೆ ಕೊಡಲು
ಅರ್ಧ ದಿನ ಮೇಲಕ್ಕೆ ನಡೆದು, ಕಾಯಲಿನಲ್ಲಿ
ಸೊಂಟದುದ್ದ ನೀರಿಗಿಳಿದು ದಾಟುತ್ತಿದ್ದ,
ಎಪ್ಪತ್ತನೆಯ ವಯಸ್ಸಿನಲ್ಲೂ,
ಮೂಟೆ ತಲೆಯ ಮೇಲೆ.

ಒಮ್ಮೆ ದಡದಲ್ಲಿ ತಡೆದು ನಿಲ್ಲಿಸಿದೆ.
ಸರ್ದಾಲಿ, ಇದು ಗಟ್ಟಿಯಿದೆ, ಇದರ ಮೇಲೆ ಹೋಗು.

"ಎಷ್ಟು ಪೆಟ್ಟಿಗೆ?" ಅಂದ.

ಹೇಳಿದೆ. ಈ ಸಲ ನಿಜವನ್ನೇ.

ಸರಿ ಎಂಬಂತೆ ತಲೆಯಾಡಿಸಿದ.
ಮೂಟೆ ಇಳಿಸಿ, ಬಂಡೆಯ ಮೇಲೆ ಕೂತು
ಬೂಟು ಬಿಚ್ಚತೊಡಗಿದ.

ಯಾಕೆ ಬರೆಯುವುದು ನಿಲ್ಲಿಸಿದೆ?
ಕುಡಿ.