ಕಾವು

ಮೂರು ಚಳಿಗಾಲ ನನ್ನ ಊಟದ ಮೇಜು ನನ್ನದಾಗಿರಲಿಲ್ಲ.
ಬಾಲ್ಸಾ ಮರದ ಪಕ್ಕೆಲುಬುಗಳು, ಗುಂಡುಪಿನ್ನು, ಅಂಟಿನ ಸೀಸೆ,
ಸೂಪಿನ ತಟ್ಟೆಯಲ್ಲಿ ಮರದ ಹೊಟ್ಟು.
ತೈಸ್ತೊ ಉಸಿರು ಬಿಗಿಹಿಡಿದು ಗರಗಸ ಆಡಿಸುತ್ತಾನೆ,
ನಲವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದ ಕೈ
ಈಗ ಕಾಗದದಷ್ಟು ತೆಳ್ಳನೆಯ ಹಲಗೆಗೆ ಹೆದರುತ್ತದೆ.

ಫೊಕ್ಕರ್. ನಿಜದ ಏಳನೇ ಒಂದು ಪಾಲು.
ರೆಕ್ಕೆಯ ತುದಿಯಿಂದ ತುದಿಗೆ ನನ್ನಷ್ಟೇ ಉದ್ದ.
"ಪಕ್ಕದಲ್ಲಿ ಮಲಗು, ಅಳೆಯೋಣ" ಅಂದ. ಮಲಗಿದೆ.
ಟೇಪು ಹಿಡಿಯಲೇ ಇಲ್ಲ, ನಕ್ಕ.

ಮೂಗಿನಲ್ಲಿ ಒಂಬತ್ತು ಸಿಲಿಂಡರು, ಒಂಬತ್ತೂ ಸುಳ್ಳು:
ಔಷಧಿ ಡಬ್ಬಿಗಳಿಗೆ ನನ್ನ ಕಪ್ಪು ದಾರ ಒತ್ತಾಗಿ ಸುತ್ತಿ
ಲೋಹದ ಅಂಚುಗಳೆಂದು ನಂಬಿಸಿದ.
ಯಾವ ಮಾತ್ರೆ ಎಂದು ಕೇಳಬೇಡಿ. ಎದೆಯದು.
ನಿಜದ ಶಕ್ತಿ ಅವುಗಳ ಹಿಂದೆ, ಆಲೂಗಡ್ಡೆ ಗಾತ್ರದ ಮೋಟಾರು,
ಅದು ಹಗುರ, ಹಾಗಾಗಿ ಬಾಲ ಕುಸಿಯುತ್ತದೆ.
ಎರಡು ಬೆರಳ ತುದಿಯಲ್ಲಿ ಇಡೀ ವಿಮಾನ ಎತ್ತಿ ನಿಲ್ಲುತ್ತಾನೆ,
ತಕ್ಕಡಿಯನ್ನು ನಂಬದ ಅಂಗಡಿಯವನ ಹಾಗೆ.
ಕೊನೆಗೆ ಗಾಳದ ಸೀಸದ ಗುಂಡುಗಳೆಲ್ಲ ಮೂಗು ಸೇರಿದವು.
ಆ ಬೇಸಿಗೆ ನಾವು ಮೀನು ತಿನ್ನಲಿಲ್ಲ.

ಬಣ್ಣದ ಹೊತ್ತಿಗೆ ಕೈ ನಿಂತಿತು.
ರೆಕ್ಕೆಯ ಮೇಲೊಂದು ಬಿಳಿ ವೃತ್ತ, ತಟ್ಟೆಯಷ್ಟು, ಖಾಲಿ.
ಆಗಿನ ಗುರುತು ಏನೆಂದು ಇಬ್ಬರಿಗೂ ಗೊತ್ತು:
ಕೊಕ್ಕೆಗಳ ನೀಲಿ ಶಿಲುಬೆ.
ಅವರದಲ್ಲ, ನಮ್ಮದು, ಅವರಿಗಿಂತ ಮೊದಲಿನದು
ಎನ್ನುತ್ತಾನೆ ಕ್ಲಬ್ಬಿನ ರೌನೊ, ಕೇಳದಿದ್ದರೂ.
ಇರಬಹುದು. ಆದರೆ ದಡದಲ್ಲಿ ಮಕ್ಕಳು ನಿಂತಿರುತ್ತಾರೆ,
ಒಂದೊಂದು ಮಗುವಿಗೂ ಇತಿಹಾಸ ಹೇಳುತ್ತ ಹಿಮದಲ್ಲಿ ನಿಲ್ಲುವವರಾರು?
ಇಡೀ ನವೆಂಬರು ಆ ವೃತ್ತ ನಮ್ಮನ್ನು ನೋಡಿತು,
ಊಟಕ್ಕೆ ಕೂತಾಗಲೂ.

ಅಪ್ಪನ ಮಾತು ತೆಗೆದೆ, ಅಪರೂಪಕ್ಕೆ.
ಅಪ್ಪ ಹಾರಿದವನಲ್ಲ. ಮೆಕ್ಯಾನಿಕ್.
ರಾತ್ರಿ ಎಂಜಿನ್ನಿನ ಎಣ್ಣೆಯನ್ನೆಲ್ಲ ಬಕೆಟ್ಟಿಗೆ ಬಸಿದು
ಗುಡಾರದ ಒಲೆಯ ಪಕ್ಕ ಇಟ್ಟು, ತಾನೂ ಅದರ ಪಕ್ಕ ಮಲಗಿ,
ಬೆಳಕು ಹರಿಯುವ ಮುಂಚೆ ಬಿಸಿಬಿಸಿ ಹುಯ್ಯುವವನು.
"ನಿಮ್ಮಮ್ಮನಿಗಿಂತ ಹೆಚ್ಚು ರಾತ್ರಿ ಆ ಬಕೆಟ್ಟಿನ ಜೊತೆ ಮಲಗಿದ್ದೇನೆ"
ಅಮ್ಮ ಇಲ್ಲದಾಗ ಮಾತ್ರ ಹೇಳುತ್ತಿದ್ದ.
ಕೊನೆಯ ವಸಂತದಲ್ಲಿ ಹುಕುಂ ಬಂತು.
ಅದೇ ಕೈ ಏಣಿ ಹತ್ತಿ ಕೊಕ್ಕೆಗಳನ್ನು ಬಳಿದು ಮುಚ್ಚಿತು,
ಮೇಲೆ ಬಿಳಿ ನೀಲಿ ಬಳೆಗಳು.
"ಒಂದೇ ಸಲಕ್ಕೆ ಮುಚ್ಚಲಿಲ್ಲ. ಮೂರು ಸಲ ಬಳಿದೆ."
ಅಷ್ಟೇ ಹೇಳಿದ್ದು.

ತೈಸ್ತೊ ಎದ್ದು ಬ್ರಷ್ಷು ತೊಳೆದ.
ಬಳೆಗಳನ್ನೇ ಬರೆದ. ಆದರೆ ಮೊದಲು ಪೆನ್ಸಿಲ್ಲಿನಲ್ಲಿ
ಕೊಕ್ಕೆಗಳನ್ನು ಎಳೆದು, ಅವುಗಳ ಮೇಲೆ.
ನೋಡಿದೆ. ಕೇಳಲಿಲ್ಲ.

ಫೆಬ್ರವರಿ. ಕಲ್ಲವೇಸಿ ಸರೋವರ ಹೆಪ್ಪುಗಟ್ಟಿ ಬಯಲಾಗಿದೆ,
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಚಕ್ರಗಳ ಜಾಗದಲ್ಲಿ ಪುಟ್ಟ ಸ್ಕೀಗಳು.
ಬ್ಯಾಟರಿಗೆ ಚಳಿಯಾಗದು, ತಣ್ಣಗಾದರೆ
ಇದ್ದ ಶಕ್ತಿಯೂ ಒಳಗೇ ಮುದುರಿಕೊಳ್ಳುತ್ತದೆ.
ಬಿಸಿ ಮಾಡುವ ಪೆಟ್ಟಿಗೆ ತಂದಿದ್ದರು, ಅದರ ವೈರು ಕಿತ್ತುಹೋಗಿತ್ತು.
ಇಬ್ಬರು ಗಂಡಸರು ವೈರನ್ನು ನೋಡುತ್ತ ನಿಂತರು.
"ಕೊಡಿ ಇಲ್ಲಿ" ಅಂದೆ.

ಕೋಟಿನ ಒಳಗೆ, ಸ್ವೆಟರಿನ ಒಳಗೆ, ಅಂಗಿಯ ಒಳಗೆ,
ಕಂಕುಳಿಗೆ ಅವುಚಿಕೊಂಡೆ ಆ ನೀಲಿ ಇಟ್ಟಿಗೆಯನ್ನು.
ಕಾವಿಗೆ ಕೂತ ಕೋಳಿ, ಎಪ್ಪತ್ತಾರರ ಕೋಳಿ.
ಮೊದಲು ಅದು ನನ್ನನ್ನು ತಣಿಸಿತು,
ಆಮೇಲೆ ನಾನು ಅದನ್ನು ಗೆದ್ದೆ.
ಇಪ್ಪತ್ತು ನಿಮಿಷ.
ಅಪ್ಪನ ಬಕೆಟ್ಟು ನೆನಪಾಯಿತು ಎಂದರೆ ಸುಳ್ಳು.
ನೆನಪಾದದ್ದು ಒಲೆಯ ಮೇಲೆ ಬಿಟ್ಟು ಬಂದ ಬಟಾಣಿ ಸೂಪು.

ಮೋಟಾರು ಗುಡುಗಲಿಲ್ಲ.
ನನ್ನ ಹೊಲಿಗೆ ಯಂತ್ರದ ದನಿ, ಪರದೆಯ ಉದ್ದನೆ ಅಂಚು ಹೊಲಿಯುವಾಗಿನದು.
ಸ್ಕೀಗಳು ಹಿಮದ ಮೇಲೆ ಎರಡು ಗೆರೆ ಎಳೆದವು,
ಎಳೆದವು, ಎಳೆದವು,
ಗೆರೆ ನಿಂತಿತು.

ರೌನೊ ರೇಡಿಯೊ ಹಿಡಿದಿದ್ದ, ಮಕ್ಕಳು ಕತ್ತೆತ್ತಿದ್ದರು.
ತೈಸ್ತೊ ಮಾತ್ರ ಮೇಲೆ ನೋಡಲಿಲ್ಲ.
ಗೆರೆ ಮುಗಿದ ಜಾಗಕ್ಕೆ ನಡೆದು ಹೋಗಿ
ಬೂಟಿನ ತುದಿಯಿಂದ ಏನನ್ನೋ ಅಳೆಯುತ್ತಿದ್ದ.

ಆರು ನಿಮಿಷದ ಶಕ್ತಿ. ಇಳಿಯುವಾಗ ಎಡ ಸ್ಕೀ ಮುರಿಯಿತು,
ಮೂಗು ಹಿಮಕ್ಕೆ ಕುಟ್ಟಿ ಒಂದು ಸಿಲಿಂಡರಿನ ದಾರ ಬಿಚ್ಚಿಕೊಂಡಿತು.
ಬ್ಯಾಟರಿ ತೆಗೆದು ನನ್ನ ಕೈಗಿಟ್ಟ.
"ಇನ್ನೂ ಬೆಚ್ಚಗಿದೆ ನೋಡು" ಅಂದ, ನನ್ನ ಉಪಕಾರ ನೆನೆಯುವ ದನಿಯಲ್ಲಿ.

ಬೆಚ್ಚಗಿತ್ತು.
ನಾನು ಕೊಟ್ಟ ಬಿಸಿಯಲ್ಲ ಅದು.