ಚಕ್ಕುಬಂದಿ

ವೆನ್‌ಲಾಕಿನಲ್ಲಿ ಡಾಕ್ಟರು ಕೇಳಿದರು:
ನೋವು ಎಲ್ಲಿಂದ ಎಲ್ಲಿಯವರೆಗೆ?
ಹದಿನೇಳು ವರ್ಷದ ಬಾಯಿಪಾಠ, ತಡೆಯಲಾಗಲಿಲ್ಲ.
ಪೂರ್ವಕ್ಕೆ ಹೆಬ್ಬೆರಳಿನ ಬುಡ,
ಪಶ್ಚಿಮಕ್ಕೆ ಕಿರುಬೆರಳಿನ ಅಂಚು,
ದಕ್ಷಿಣಕ್ಕೆ ಉಗುರು,
ಉತ್ತರಕ್ಕೆ ಮೊಣಕೈ; ಅದರಾಚೆ ಭುಜದ ತನಕ ತಕರಾರು ಉಂಟು.
ನಡುವಿನ ಸ್ಥಳ
ಸದ್ಯಕ್ಕೆ ನನ್ನ ಸ್ವಾಧೀನದಲ್ಲಿ ಇಲ್ಲ ಡಾಕ್ಟ್ರೇ.

ಅವರು ನಗಲಿಲ್ಲ. ನನ್ನ ಹಿಂದೆ ಐವತ್ತೆರಡನೇ ಟೋಕನು ಕೆಮ್ಮುತ್ತಿತ್ತು.
ಮಣಿಕಟ್ಟು ಒತ್ತಿ, ಇಲ್ಲಿ?
ಇನ್ನೊಂದಿಷ್ಟು ಒತ್ತಿ, ಇಲ್ಲಿ?
ಒತ್ತಿ ಒತ್ತಿಯೇ ಬಂದದ್ದು ಎಂದೆ.

ಹಂಪನಕಟ್ಟೆಯಲ್ಲಿ, ನೋಂದಣಿ ಕಚೇರಿಯ ಹತ್ತಿರ,
ಝೆರಾಕ್ಸ್ ಅಂಗಡಿಗೂ ಬೊಂಡದ ರಾಶಿಗೂ ನಡುವೆ
ಬಂಗೇರರ ದಸ್ತಾವೇಜು ಕೋಣೆ.
ಒಂದು ಫ್ಯಾನು, ಒಂದು ಕಂಪ್ಯೂಟರು, ಒಂದು ನಾನು.
ಅವರು ಕಣ್ಣು ಮುಚ್ಚಿ ಹೇಳುತ್ತಾರೆ, ನಾನು ಕುಟ್ಟುತ್ತೇನೆ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ
ಎಂಬ ಅಷ್ಟಭೋಗಗಳ ಸಮೇತ...
ಬಾಡಿಗೆ ಮನೆಯವಳು ನಾನು,
ದಿನಕ್ಕೆ ನಾಲ್ಕು ಸಲ ಪಾತಾಳ ಬರೆದುಕೊಡುತ್ತೇನೆ.

ನುಡಿಯಲ್ಲಿ ಟೈಪು ಮಾಡಿದವರಿಗೆ ಗೊತ್ತು,
ಪ್ರತಿ ಒತ್ತಕ್ಷರಕ್ಕೂ ನಡುವೆ ಒಂದು ಎಫ್ ಒತ್ತಬೇಕು.
ಅದು ಎಡಗೈ ತೋರುಬೆರಳಿನ ಪಾಲು.
ಮಹಾಪ್ರಾಣ ಬಂದರೆ ಶಿಫ್ಟು;
ಕಿರುಬೆರಳು ಕಟ್ಟುತ್ತದೆ ಅದರ ತೀರ್ವೆ.
ಹಕ್ಕು ಎಂದರೆ ಒಂದು ನೋವು,
ಸ್ವತ್ತು ಎಂದರೆ ಎರಡು.
ನೆಲ, ಮನೆ, ಕೆರೆ, ಹಲಸು, ಕಡಲು
ಇಂಥವು ಬಂದರೆ ಬೆರಳಿಗೆ ರಜೆ.
ಬರುವುದು ಕಡಿಮೆ.
ಡಾಕ್ಟರು ಚೀಟಿಯಲ್ಲಿ ಬರೆದದ್ದು ಮೂರು ವಾರ ವಿಶ್ರಾಂತಿ.
ಆ ಶಬ್ದಕ್ಕೂ ಒಂದು ಎಫ್ ಬೇಕು.

ಹೆರೆಮಣೆಯ ಮೇಲೆ ಕೂತರೆ ಕಡಿ ಕೈ ಜಾರಿ
ಬಾಗಿಲ ತನಕ ಉರುಳುತ್ತದೆ, ಬೆಕ್ಕು ಹಾರುತ್ತದೆ.
ಕಾವೂರು ಬಸ್ಸಿನಲ್ಲಿ ರಾಡಿಗೆ ಮೊಣಕೈ ಸಿಕ್ಕಿಸಿ ನಿಲ್ಲುವುದು.
ಕೊಟ್ಟಂಚುಕ್ಕಾದಿಯ ವಾಸನೆಗೆ
ಪಕ್ಕದ ಸೀಟಿನ ಕಾಲೇಜು ಹುಡುಗಿ ಕಿಟಕಿ ಎಳೆಯುತ್ತಾಳೆ.
ರಾತ್ರಿ ಎರಡಕ್ಕೆ ಎಚ್ಚರಾದರೆ
ಯಾರದ್ದೋ ಕೈಯೊಂದು ನನ್ನ ಪಕ್ಕ ಮಲಗಿರುತ್ತದೆ,
ಇನ್ನೊಂದು ಕೈಯಿಂದ ಎತ್ತಿ ಕೊಡವಿದ ಮೇಲೆ
ಇರುವೆ ಸಾಲು ಹಿಡಿದು ನಿಧಾನ ನನ್ನದಾಗುತ್ತದೆ.

ಕಳೆದ ಗುರುವಾರ,
ಎಡಗೈಗೆ ಮೌಸು ದಾಟಿಸಿದ ಹೊಸತರಲ್ಲಿ,
ಬೆಂಗ್ರೆಯ ಅಪ್ಪಿ ಪುತ್ರನ್‌ರ ನಾಲ್ಕೂವರೆ ಸೆಂಟ್ಸಿಗೆ
ಪೂರ್ವಕ್ಕೆ ಸಮುದ್ರ ಎಂದು ಬಿತ್ತು. ಪಶ್ಚಿಮಕ್ಕೆ ಹೊಳೆ.
ಬಂಗೇರರು ಕನ್ನಡಕ ತೆಗೆದರು:
ವಾರಿಜಾ, ಇವತ್ತು ಸೂರ್ಯ ಎಲ್ಲಿ ಮುಳುಗುವುದು ಮಾರಾಯ್ತಿ?
ಅಪ್ಪಿಯಕ್ಕ ಎಲೆ ಮಡಚುತ್ತ, ಬಿಡಿ ಧಣಿ,
ಎರಡು ಬದಿಯೂ ನೀರೇ ಅಲ್ಲವಾ ಎಂದರು.
ತಿದ್ದಿದೆ. ಎಂಟು ಪುಟ ಮತ್ತೊಮ್ಮೆ ಪ್ರಿಂಟು.

ಮೇಲೆ ಕಚೇರಿಯಲ್ಲಿ ಎಡಗೈ ಹೆಬ್ಬೆಟ್ಟು.
ಯಂತ್ರ ಕೆಂಪು.
ಒರೆಸಿ ಇಡಿ. ಕೆಂಪು.
ಎಣ್ಣೆ ಹಚ್ಚಿ ಒರೆಸಿ ಇಡಿ. ಕೆಂಪು.
ಮೂವತ್ತು ವರ್ಷ ಗೇರುಬೀಜದ ಫ್ಯಾಕ್ಟರಿ,
ಸಿಪ್ಪೆಯ ಎಣ್ಣೆ ಗೆರೆಗಳನ್ನೆಲ್ಲ ತಿಂದಿದೆ,
ಬೆರಳ ತುದಿ ಗುಂಡುಕಲ್ಲಿನ ಹಾಗೆ ನಯ.
ಒತ್ತಿ ಅಮ್ಮ, ಸರಿ ಒತ್ತಿ, ಗುಮಾಸ್ತೆ ಗದರಿದಳು.
ನೀವಾದರೂ ಸ್ವಲ್ಪ ಹಿಡಿದು ಒತ್ತಿ.

ಅವರ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳು ಇಟ್ಟೆ.
ಅದಕ್ಕೆ ಗೆರೆ ಇಲ್ಲ, ಇದಕ್ಕೆ ಬಲ ಇಲ್ಲ.
ಮೊಣಕೈ ತನಕ ಸಿಡಿಲು ಹೊಡೆಯಿತು, ಹಲ್ಲು ಕಚ್ಚಿದೆ.
ನಿನ್ನದೆಂತ ಇಷ್ಟು ತಣ್ಣಗೆ? ಎಂದರು ಅಪ್ಪಿಯಕ್ಕ
ಯಂತ್ರ ಬಿಟ್ಟು ನನ್ನ ಕೈ ನೋಡುತ್ತ.
ಆರನೇ ಸಲಕ್ಕೋ ಏಳಕ್ಕೋ ಹಸಿರು ಬಂತು.
ಯಾರು ಒತ್ತಿದ್ದೆಂದು ಗೊತ್ತಾಗಲಿಲ್ಲ.
ಗುಮಾಸ್ತೆ ಮುಂದಿನವರನ್ನು ಕರೆದಳು.
ಮೆಟ್ಟಿಲು ಇಳಿಯುವಾಗ ಅವರು
ನನ್ನ ಮಣಿಕಟ್ಟನ್ನು ಹಿಡಿದೇ ಇದ್ದರು,
ಒತ್ತದೆ.