ಹನ್ನೊಂದು ನಿಮಿಷ

ಜಮಖಂಡಿಯ ಟೈಪಿಂಗ್ ಕ್ಲಾಸು ಮುಚ್ಚಿದಾಗ
ನಾಕ ಸಾವಿರಕ್ಕ ತಂದ ಕಂಪ್ಯೂಟರ್ ಇದು.
‘ಅ’ ಒತ್ತೂ ಕೀಲಿ ಪೂರಾ ಸವದೈತಿ,
ಯಾರ್ಯಾರೋ ಅಲ್ಲಿಂದನ ಸುರು ಮಾಡಿದವರು.

ಕಂಡಿಕಿ ಸುತ್ತೂ ಕೋಣಿ ಖಾಲಿ ಮಾಡಿ ಕೊಟ್ಟಳು ಅವ್ವ,
ಮಳಿಗಾಲಕ್ಕ ವಾಪಸ್ ಅನ್ನೂ ಕರಾರಿನ ಮ್ಯಾಲ.
ಗ್ವಾಡಿಗೆ ಒಂಬತ್ತು ಕೌದಿ ಬಡದೆ.
ಒಂದರಾಗ ಅಜ್ಜಿಯ ಮದವಿ ಸೀರಿ, ಒಂದರಾಗ ನನ್ನ ಕುಂಚಗಿ.
ಚಪ್ಪಾಳಿ ತಟ್ಟಿದ್ರ ದನಿ ಅಲ್ಲೇ ಇಂಗತೈತಿ
ಉಸುಕಿಗೆ ಬಿದ್ದ ನೀರಿನಂಗ.
ಹಿಟ್ಟಿನ ಸಾಣಿಗಿಗೆ ಹಳೇ ಕಾಲಚೀಲ ಬಿಗದು
ಮೈಕಿನ ಮುಂದ ನಿಲ್ಲಿಸಿದೆ,
ಪ ಫ ಬ ಭ ಗಳ ಗಾಳಿ ಸೋಸಾಕ.
ಎರಡ ದಿನ ನಮ್ಮ ಮನ್ಯಾಗ ರೊಟ್ಟಿ ತರಿತರಿ.

ರಾಜೇಸಾಬ ಬಂದು ವಾಯರ್ ಮುಟ್ಟಿ ನೋಡಿದ:
“ಅರ್ಥಿಂಗ್ ಇಲ್ಲವಾ ತಂಗಿ, ಅದಕ್ಕ ಗುಂಯ್ ಅಂತೈತಿ.”
ಹಿತ್ತಲದಾಗ ತಗ್ಗ ತೋಡಿ, ಉಪ್ಪು ಇದ್ದಲಿ ಸುರಿದು,
ಕಬ್ಬಿಣದ ಪೈಪ ಹುಗದು,
ಸಸಿ ಹಚ್ಚಿದವರಂಗ ಎರಡ ಕೊಡ ನೀರ ಹೊಯ್ದ.
ಗುಂಯ್ ಅನ್ನೂದು ಮಣ್ಣಿಗೆ ಇಳೀತು.

ಇಳೀದೇ ಉಳಿದದ್ದು ಮಗ್ಗ.
ಎಡಕ ಕಾಡಪ್ಪನವು ನಾಕು, ಬಲಕ ಅವರ ಬೀಗರವು ಆರು,
ಹಿಂದಿನ ಓಣಿವು ಎಣಿಸಿಲ್ಲ.
ಬನಹಟ್ಟಿಯೊಳಗ ಯಾರೂ ಹಾಡದಿದ್ರೂ
ಪರದೆ ಮ್ಯಾಲ ಹಸಿರು ಗೆರಿ ಕುಣೀತಾವ.
ಖಟ್ ಖಡಲ್. ಖಟ್ ಖಡಲ್.

ಕರೆಂಟ್ ಹೋದ್ರ ಮಗ್ಗ ನಿಲ್ತಾವ.
ಕರೆಂಟ್ ಹೋದ್ರ ಕಂಪ್ಯೂಟರೂ.
ನಡುವ ಉಳಿಯೂದು ಯುಪಿಎಸ್ಸಿನ ಮುದಿ ಬ್ಯಾಟರಿ,
ಹನ್ನೊಂದು ನಿಮಿಷ.
ಮೂರ ಸರ್ತಿ ಗಡಿಯಾರ ಹಿಡದು ನೋಡೀನಿ.
ಅದು ಚೀರೂದನ್ನ ನಿಲ್ಲಸಾಕ
ರಾಜೇಸಾಬ ಮೊದಲ ಅದರ ಗಂಟಲಾ ಕಿತ್ತಾನ.

ಮಂಗಳವಾರ ಮಧ್ಯಾಹ್ನ ಲೈನ್ ಹೋತು.
ಓಣಿಗೆ ಓಣಿ ಉಸಿರು ಬಿಟ್ಟಿತು.
ಎಲ್ಲೋ ಒಂದು ಕೂಸು ಅಳತಿತ್ತು,
ಯಾವಾಗಿಂದನೋ.
ಶಂಕ್ರೆವ್ವ ದೊಡ್ಡವ್ವ ಹಿಟ್ಟಿನ ಕೈಯಿಂದ ಓಡಿ ಬಂದಳು.
ಸೆರಗಿನ ಮ್ಯಾಲ ಹೆಡ್‌ಫೋನ್ ಏರಿಸಿ ಕೂಡಿಸಿದೆ.
ಬಾಯಿ ತೆರದಳು.
ಮುಚ್ಚಿದಳು.
ಎರಡ ನಿಮಿಷ. ನಾಕು.

“ಎಲ್ಲಿಂದ ಹಿಡೀಲವಾ? ಹಿಡ್ಯಾಕ ಏನೂ ಇಲ್ಲಲ್ಲ.
ಇಷ್ಟ ತಣ್ಣಗಿದ್ರ
ಯಾರ ಮನ್ಯಾಗೋ ಹೆಣ ಇಟ್ಟಂಗ ಆಗತೈತಿ.”

ನಲವತ್ತು ವರ್ಷ ಕಂಡಿಕಿ ಸುತ್ತಿದಾಕಿ.
ಲಾಳಿ ಹೊಳ್ಳೂವಲ್ಲಿ ಆಕಿ ಸಾಲು ಹೊಳ್ಳತಿತ್ತು.
ಇಷ್ಟು ದಿನ ಕೌದಿ ಬಡದು ಬಡದು
ನಾನು ಆಕಿ ತಾಳ ಹೊರಗ ಹಾಕಿದ್ದೆ.

ಪರದೆ ಕಪ್ಪಾತು.

ಐದಕ್ಕ ಕರೆಂಟ್ ಬಂತು. ಮಗ್ಗ ಒಂದೊಂದ ಎದ್ದವು.
ಕಿಟಕಿ ತೆರದು ಮೈಕ್ ಹೊರಗ ಹಿಡದೆ,
ಬೈದ ಬಾಯಿಯಿಂದನ “ಜೋರಾಗಿ ನಡಸ್ರಿ ಕಾಕಾ” ಅಂದೆ.
ಕಾಡಪ್ಪನ ಎರಡನೇ ಮಗ್ಗ ಚೂರು ಕುಂಟತೈತಿ,
ಎಂಟಕ್ಕೊಮ್ಮೆ ಒಂದೆಳಿ ತಡಾ.
ಅದನ್ನ ಆರಿಸಿದೆ.

ಶುಕ್ರವಾರ ಮತ್ತ ಲೈನ್ ಹೋತು.
ಹೊರಗ ನಿಶ್ಶಬ್ದ. ಆಕಿ ಕಿವಿಯೊಳಗ ಮಾತ್ರ ಮಗ್ಗ.
ದೊಡ್ಡವ್ವ ಕಣ್ಣ ಮುಚ್ಚಿ ನಕ್ಕಳು:
“ಈ ಕಾಡ್ಯಾ ಇನ್ನೂ ಆ ಪಟ್ಟಿ ಬಿಗಸಿಲ್ಲೇನ!”
ಅದ ನಗಿಯೊಳಗಿಂದ ಮೊದಲನೇ ಸಾಲು ಎದ್ದಿತು.

ಒಂಬತ್ತು ನಿಮಿಷ.
ಉಳಿದ ಎರಡೂ ಹಂಗ ಬಿಟ್ಟೆ.
ಆಕಿ ಹೆಡ್‌ಫೋನ್ ತಗೀಲಿಲ್ಲ.

ಕಾಡಪ್ಪನಿಗೆ ಕೇಳಿಸಿದೆ.
“ಬರೇ ಅಕ್ಕನ ದನಿ ಐತಲ್ಲ, ನಮ್ಮ ಮಗ್ಗ ಎಲ್ಲಿ?” ಅಂದ.
ಆಕಿ ಎಂಟಕ್ಕೊಮ್ಮೆ ಉಸಿರು ತಡೆಯೂ ಜಾಗಾ
ಪರದೆ ಮ್ಯಾಲ ಬಟ್ಟಿಟ್ಟು ತೋರಿಸಿದೆ.
ಅಂವ ಭಾಳೊತ್ತು ನೋಡಿದ.
ನಾಚಿಕಿ ಆತೋ ಏನೋ,
ಮನಿಗೆ ಹೋಗಿ ಪಟ್ಟಿ ಬಿಗಸಿಬಿಟ್ಟಾನ.

ಈಗ ಆ ಕುಂಟು ಓಣಿಯೊಳಗ ಎಲ್ಲೂ ಇಲ್ಲ.